ರಾಣೆಬೆನ್ನೂರಿನ ತಂಗಿಗೆ, ಪಣಜಿಯಿಂದ

ತಂಗಿ,

ನೀನು ಪಣಜಿಗೆ ಬಂದು ಮೂರು ವಾರ ಆಯ್ತು, ರೂಮು, ಊಟ, ಭಾಷೆ ಎಲ್ಲ ಹೇಗೆ ಅಂತ ಕೇಳಿದ್ದೀಯ. ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀಯ. ಇಲ್ಲಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ದೇಶವಿದೇಶದ ಸಂಗೀತ ಹಾಕುವ ಕಾರ್ಯಕ್ರಮಕ್ಕೆ ನಿನ್ನ ಆಫೀಸಿನ ಗೆಳತಿ ನಿನ್ನನ್ನು ಕರೆದಿದ್ದಾಳೆ. ನಿಮ್ಮ ಕಡೆಯ ಹಾಡು ತಗೊಂಡು ಬಾ ಅಂದಿದ್ದಾಳೆ. 'ಅಜ್ಜಿ ಬೀಸುವ ಪದ ಹಾಡ್ತಾರೆ, ಆದರೆ ಅದನ್ನ ಇಲ್ಲಿ ಯಾರು ಕೇಳ್ತಾರೆ ಅಣ್ಣ? ಬೇರೆ ಏನಾದ್ರೂ ಹಾಕಲಾ?' ಅಂತ ನಿನ್ನ ಪ್ರಶ್ನೆ.

ಮೊದಲಿನವಕ್ಕೆ ಬೇಗ ಹೇಳಿಬಿಡುತ್ತೇನೆ. ರೂಮಿಗೆ 11 ತಿಂಗಳ ಕರಾರು ಮಾಡಿಸಿಕೋ, ಬಾಡಿಗೆದಾರರ ಅರ್ಜಿಯನ್ನು ಪೊಲೀಸ್ ಠಾಣೆಗೆ ಕೊಡುವುದನ್ನು ಮರೆಯಬೇಡ. ತರಕಾರಿ ಬೆಳಗಾವಿಯಿಂದಲೇ ಬರುತ್ತದೆ, ಹಾಗಾಗಿ ಬದನೆಕಾಯಿಗೆ ತೊಂದರೆ ಇಲ್ಲ. ಮಾಪ್ಸಾದ ಶುಕ್ರವಾರದ ಸಂತೆಗೆ ಒಮ್ಮೆ ಹೋಗು, ಕನ್ನಡ ಕೇಳಿಸುತ್ತದೆ. ಬೆಳಿಗ್ಗೆ ಸೈಕಲ್ ಹಾರ್ನ್ ಕೇಳಿದರೆ ಅದು ಬ್ರೆಡ್ ಮಾರುವ ಪದೇರ್. ಅವನ ಹತ್ತಿರ ಪೋಯ್ ತಗೋ, ಶೇಂಗಾ ಚಟ್ನಿ ಜೊತೆ ಚೆನ್ನಾಗಿರುತ್ತದೆ. ಕೊಂಕಣಿ ಕಲಿ. ಆರು ತಿಂಗಳಲ್ಲಿ ಬರುತ್ತದೆ.

ರೇಡಿಯೋ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು.

ನಾನು ಬಂದದ್ದು 2001ರ ಜೂನಿನಲ್ಲಿ. ಹುಬ್ಬಳ್ಳಿಯಲ್ಲಿ ರೈಲು ಹತ್ತಿದೆ. ಲೋಂಡಾ ದಾಟಿತು, ಕ್ಯಾಸಲ್‌ರಾಕ್ ದಾಟಿತು. ದೂಧ್‌ಸಾಗರದ ಹತ್ತಿರ ಮಳೆ ಎಷ್ಟಿತ್ತು ಅಂದರೆ ಕಿಟಕಿಯಿಂದ ಏನೂ ಕಾಣಲಿಲ್ಲ, ನೀರಿನ ಸದ್ದು ಮಾತ್ರ. ನವಲಗುಂದದ ಕಪ್ಪು ನೆಲದವನಿಗೆ ಅಷ್ಟು ನೀರು ನೋಡಿ ಭಯವೇ ಆಯಿತು. ಚೀಲದಲ್ಲಿ ಅವ್ವ ಕಟ್ಟಿಕೊಟ್ಟ ಕಟಕ ರೊಟ್ಟಿ. ಎರಡೇ ದಿನದಲ್ಲಿ ಅವು ಮೆತ್ತಗಾದವು.

ಬಾಡಿಗೆ ಮನೆ ಕೇಳಲು ಹೋದ ಮೊದಲ ದಿನವೇ ಒಂದು ಪದ ಕಿವಿಗೆ ಬಿತ್ತು. ಘಾಂಟಿ. ಘಟ್ಟದ ಮೇಲಿನವರು ಅಂತ ಅದರ ಅರ್ಥ, ಆದರೆ ಆಡುವಾಗ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಕಟ್ಟಡದ ಕೆಲಸಕ್ಕೆ, ರಸ್ತೆ ಕೆಲಸಕ್ಕೆ ಬಂದ ನಮ್ಮವರನ್ನು ಕಂಡು ಹಾಗೆ ಅನ್ನುತ್ತಾರೆ. ಎಲ್ಲರೂ ಅಲ್ಲ. ನನಗೆ ಅನ್ನ ಹಾಕಿದ, ಜ್ವರ ಬಂದಾಗ ಗಂಜಿ ಕೊಟ್ಟ ಗೋವೆಯವರು ಬಹಳ ಜನ. ಆದರೂ ಆ ಪದ ನನಗೆ ಅಂಟಬಾರದು ಅಂತ ನಾನು ಬೇಗ ಬೇಗ ಕೊಂಕಣಿ ಕಲಿತೆ. ಯಾವೂರು ಅಂತ ಕೇಳಿದರೆ 'ಕಾರವಾರದ ಕಡೆ' ಅನ್ನುತ್ತಿದ್ದೆ.

ಹೀಗಿದ್ದಾಗ ರೇಡಿಯೋ ಸಿಕ್ಕಿತು. ಗೋವೆಯವರಿಗೂ ಸಂಗೀತಕ್ಕೂ ಹಳೆಯ ನಂಟು. ಇಗರ್ಜಿಯ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲು, ಸ್ವರಲಿಪಿ ಹೇಳಿಕೊಡುತ್ತಿದ್ದರು. ಅಲ್ಲಿ ಕಲಿತವರೇ ಮುಂಬಯಿಗೆ ಹೋಗಿ ಹಿಂದಿ ಸಿನಿಮಾದ ವಾದ್ಯಮೇಳ ತುಂಬಿದರು. ಮಜೋರ್ಡಾದ ಆಂತೊನಿ ಗೊನ್ಸಾಲ್ವಿಸ್ ಅಂಥವರಲ್ಲಿ ದೊಡ್ಡ ಹೆಸರು. ಪೋರ್ಚುಗೀಸರ ಕಾಲದಲ್ಲೇ ಇಲ್ಲಿ 'ಎಮಿಸೋರಾ ದ ಗೋವಾ' ಅಂತ ರೇಡಿಯೋ ಇತ್ತು. ನಾನು ಸೇರಿದ ಕಾರ್ಯಕ್ರಮ ಚಿಕ್ಕದು. ಭಾನುವಾರ ರಾತ್ರಿ ಒಂದು ಗಂಟೆ, ಏಳೆಂಟು ಹಾಡು, ನಡುವೆ ಮಾತು. ನಾನು ಮೊದಲು ಸಿ.ಡಿ. ಜೋಡಿಸಿ ಕೊಡುತ್ತಿದ್ದೆ, ಆಮೇಲೆ ಮಾತಾಡಲು ಕೂತೆ.

ಆ ಒಂದು ಗಂಟೆಯಲ್ಲಿ ನಾನು ಪ್ರಪಂಚ ನೋಡಿದೆ ತಂಗಿ. ಲಿಸ್ಬನ್ನಿನ ಫಾದೊ ಹಾಡು ಕೇಳಿದೆ, ಅದರ ಜೊತೆ ನುಡಿಸುವ 12 ತಂತಿಯ ಗಿಟಾರ್ ಕೇಳಿದೆ. ಮಾಲಿ ದೇಶದ ಕೋರಾ ಕೇಳಿದೆ. ಅರ್ಧ ಸೋರೆ ಬುರುಡೆಗೆ ಚರ್ಮ ಬಿಗಿದು 21 ತಂತಿ ಕಟ್ಟಿದ ವಾದ್ಯ ಅದು. ನುಡಿಸುವವರು ಗ್ರಿಯೋಗಳು, ತಲೆತಲಾಂತರದಿಂದ ಮನೆತನಗಳ ವಂಶಾವಳಿ ನೆನಪಿಟ್ಟು ಹಾಡುವವರು. ಅವರ ಬಗ್ಗೆ ನಾನು ರೇಡಿಯೋದಲ್ಲಿ ಎಷ್ಟು ಗೌರವದಿಂದ ಮಾತಾಡಿದೆ! ಎತ್ತಿನ ಮೇಲೆ ಕೂತು ನಮ್ಮ ಮನೆ ಬಾಗಿಲಿಗೆ ಬಂದು, ನನ್ನ ಮುತ್ತಜ್ಜನ ಅಪ್ಪನ ಹೆಸರು ಹೇಳುತ್ತಿದ್ದ ಹೆಳವರು ನನಗೆ ಆಗ ನೆನಪಿಗೇ ಬರಲಿಲ್ಲ. ಇಲ್ಲ, ನೆನಪಿಗೆ ಬಂದಿದ್ದರು. ನಾನು ಹೇಳಲಿಲ್ಲ.

ಈಗ ಆ ರಾತ್ರಿಯ ವಿಷಯ. ಸ್ಟುಡಿಯೋ ಹಿಂದೆ ಒಂದು ಕಟ್ಟಡ ಏಳುತ್ತಿತ್ತು. ಬಾದಾಮಿ ಕಡೆಯ ಗೌಂಡಿಗಳು, ಕೂಲಿಯವರು ಅಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಕಾರ್ಯಕ್ರಮಕ್ಕೆ ಅರ್ಧ ಗಂಟೆ ಇರುವಾಗ ಅಲ್ಲಿಂದ ಹಾಡು ಕೇಳಿಸಿತು. ಹಂತಿ ಪದ. ಒಬ್ಬ ಹಿರಿಯ ಸೊಲ್ಲು ಎತ್ತುತ್ತಿದ್ದ, ಉಳಿದವರು ಹಿಡಿದುಕೊಳ್ಳುತ್ತಿದ್ದರು. ಕಣದಲ್ಲಿ ಎತ್ತು ತಿರುಗಿಸುತ್ತಾ ರಾತ್ರಿ ಇಡೀ ಹಾಡುವ ಪದ. ಅಲ್ಲಿ ಕಣ ಇರಲಿಲ್ಲ, ಎತ್ತು ಇರಲಿಲ್ಲ. ಮರಳು, ಸಿಮೆಂಟು, ಒಂದು ಬಲ್ಬು. ಆ ಹಿರಿಯನ ಗಂಟಲು ಎಂಥದ್ದು ಅಂದರೆ, ನನ್ನ ಮೈಮೇಲೆ ಕೂದಲು ಎದ್ದು ನಿಂತವು.

ಕಾರ್ಯಕ್ರಮ ನಡೆಸುವ ಮೇಡಂ ಕಿಟಕಿ ತೆರೆದು ನಿಂತಿದ್ದರು. 'ಎಷ್ಟು ಚೆನ್ನಾಗಿದೆ! ಏನು ಹಾಡ್ತಿದ್ದಾರೆ? ನಿನಗೆ ಗೊತ್ತಾಗುತ್ತಾ? ಒಳಗೆ ಕರೆಯೋಣವಾ?' ಅಂತ ಕೇಳಿದರು.

'ಅದು ಸುಮ್ನೆ, ಹಳ್ಳಿಯವರ ಹಾಡು. ನನಗೂ ಸರಿಯಾಗಿ ಅರ್ಥ ಆಗಲ್ಲ' ಅಂದೆ.

ಒಂದೊಂದು ಮಾತೂ ಅರ್ಥ ಆಗುತ್ತಿತ್ತು. ನನ್ನ ಅಪ್ಪ ಹಾಡುತ್ತಿದ್ದ ಪದವೇ ಅದು.

ಕಿಟಕಿ ಮುಚ್ಚಿದೆವು. ಆ ರಾತ್ರಿ ನಾನು ಹಾಕಿದ ಮೊದಲ ಹಾಡು ಕೇಪ್ ವರ್ಡೆಯ ಸೆಸಾರಿಯಾ ಎವೊರಾ ಅವರದು. ನಮ್ಮ ಗೋವೆಯ ಹಾಗೆ ಆ ದ್ವೀಪಗಳನ್ನೂ ಪೋರ್ಚುಗೀಸರು ಆಳಿದ್ದರು. ಅಲ್ಲಿಂದ ಜನ ಸಾವೊ ತೋಮೆ ಎಂಬ ದ್ವೀಪದ ತೋಟಗಳಿಗೆ ಕೂಲಿಗೆ ಹೋಗುತ್ತಿದ್ದರು. ಊರು ಬಿಟ್ಟು ಅಷ್ಟು ದೂರ ಹೋದವರ ಸಂಕಟದ ಹಾಡು ಅದು. ಕೂಲಿಗೆ ಹೋದವರ ನೋವಿನ ಬಗ್ಗೆ ಎರಡು ನಿಮಿಷ ಮಾತಾಡಿದೆ. ಕಿಟಕಿಯ ಆಚೆ ಕೂಲಿಗೆ ಬಂದ ನಮ್ಮವರು ಹಾಡುತ್ತಲೇ ಇದ್ದರು.

ಒಂದು ತಿಂಗಳಾದ ಮೇಲೆ ತಡೆಯಲಾಗದೆ ಶೆಡ್ಡಿಗೆ ಹೋದೆ. ಶೆಡ್ಡೇ ಇರಲಿಲ್ಲ. ಸ್ಲ್ಯಾಬ್ ಮುಗಿದಿತ್ತು, ಮೇಸ್ತ್ರಿ ಅವರನ್ನು ಬೇರೆ ಸೈಟಿಗೆ ಕಳಿಸಿದ್ದ. ವಾಸ್ಕೋದಲ್ಲಿ ಕೇಳಿದೆ, ವೆರ್ಣಾದಲ್ಲಿ ಕೇಳಿದೆ. ಹಾಡುವ ಹಿರಿಯ ಅಂದರೆ ಯಾರಿಗೆ ಗೊತ್ತಾಗಬೇಕು? ಅವನ ಹೆಸರು ನನಗೆ ಗೊತ್ತಿರಲಿಲ್ಲ. ಊರಿನ ಹೆಸರೂ ಗೊತ್ತಿರಲಿಲ್ಲ. ಕೇಳುವ ಮನಸ್ಸು ಮಾಡಿದ್ದರೆ ಇಪ್ಪತ್ತು ಹೆಜ್ಜೆ ದೂರ ಅಷ್ಟೇ.

ಆಮೇಲೆ ನಾನು ಬದಲಾದೆ. ಗೀಗೀ ಮೇಳದವರನ್ನು ಕರೆಸಿದೆ, ದಪ್ಪು, ತುಂತುಣಿ ಸಮೇತ. ಅವತ್ತು ಒಬ್ಬ ವಾಚ್‌ಮನ್ ಫೋನು ಮಾಡಿದ. 'ಅಣ್ಣಾರ, ಇನ್ನೊಮ್ಮೆ ಹಾಕ್ರಿ' ಅಂತ ಒಂದೇ ಮಾತು, ಫೋನು ಇಟ್ಟುಬಿಟ್ಟ. ಅದೇ ವಾರ ಒಬ್ಬ ಮುದುಕಿ, ಗೋವೆಯವರು, ತುಂತುಣಿ ಹೇಗಿರುತ್ತದೆ ಅಂತ ಕೇಳಿದರು. ಮಾಂಡೊ ಅನ್ನುವ ಕೊಂಕಣಿ ಹಾಡು ಹಾಡುವ ಮನೆತನದವರಂತೆ.

ಇಲ್ಲಿಯ ಘುಮಟ ನೋಡಿದ್ದೀಯಾ? ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ವಾದ್ಯ. ಮೊದಲು ಉಡದ ಚರ್ಮ, ಈಗ ಅದು ಕಾನೂನಿಗೆ ವಿರುದ್ಧ, ಮೇಕೆ ಚರ್ಮ ಹಾಕುತ್ತಾರೆ. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಸಾರಿತು. ಅಂಕೋಲಾ ಕಡೆ ಹಾಲಕ್ಕಿ ಒಕ್ಕಲಿಗರು ಬಾರಿಸುವ ಗುಮಟೆಯೂ ಇಂಥದ್ದೇ. ಆ ಹಾಲಕ್ಕಿಗಳ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹಾಡಿಗಾಗಿ. ಯಲ್ಲಾಪುರದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ತಂದವರು ಹೆಚ್ಚಾಗಿ ಇದೇ ಪೋರ್ಚುಗೀಸರು. ಅವರ ಡಮಾಮಿ ಡೋಲು ಇವತ್ತಿಗೂ ನಮ್ಮ ಕಾಡಿನಲ್ಲಿ ಬಡಿಯುತ್ತದೆ. ದೇಶವಿದೇಶದ ಸಂಗೀತದಲ್ಲಿ ನಮಗೆ ಜಾಗ ಇಲ್ಲ ಅಂತ ಯಾರು ಹೇಳಿದರು ನಿನಗೆ?

ಅಜ್ಜಿಯ ಪದವನ್ನೇ ಹಾಕು. ಹಬ್ಬಕ್ಕೆ ಊರಿಗೆ ಹೋದಾಗ ಅವರ ಜೊತೆ ಒಂದು ಮಧ್ಯಾಹ್ನ ಕೂತುಕೋ. ಫ್ಯಾನ್ ಆರಿಸು. ಫೋನನ್ನು ಬಾಯಿಗೆ ತೀರಾ ಹತ್ತಿರ ಹಿಡಿಯಬೇಡ, ಒಂದೂವರೆ ಗೇಣು ಸಾಕು. ಬೀಸುವ ಕಲ್ಲು ಇನ್ನೂ ಇದ್ದರೆ ಒಂದು ಹಿಡಿ ಜೋಳ ಹಾಕಿ ಬೀಸುತ್ತಲೇ ಹಾಡಲಿ, ಆ ಗರಗರ ಇಲ್ಲದೆ ಆ ಪದ ನಡೆಯುವುದಿಲ್ಲ. ಮರೆತರೆ, ಕೆಮ್ಮಿದರೆ ನಿಲ್ಲಿಸಬೇಡ. ರೇಡಿಯೋದಲ್ಲಿ ಹಾಕಬಹುದಾ ಅಂತ ಅವರನ್ನೇ ಕೇಳು. ಅರ್ಥವನ್ನು ಹಾಡಿನ ಮುಂಚೆ ಹೇಳು, ಕೊಂಕಣಿ ಬರದಿದ್ದರೆ ಹಿಂದಿಯಲ್ಲಿ, ಎರಡೇ ಸಾಲು.

ಮತ್ತೆ ಅವರ ಪೂರ್ತಿ ಹೆಸರು, ಅವರ ತವರೂರು, ಆ ಪದ ಯಾರಿಂದ ಕಲಿತರು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಬಾ.