ಚಿಂಕ್ವೆ ತೆರ್ರೆಗೆ ಒಂದು ದಿನ ಸಾಕಾ? ಅಪ್ಪ-ಅಮ್ಮನ ಕೈಲಿ ಆ ದಾರಿ ನಡೆಯೋಕಾಗುತ್ತಾ?

ನಿಮ್ಮ ಪ್ರಶ್ನೆ ಇಷ್ಟು ಅಲ್ವಾ: ಫ್ಲಾರೆನ್ಸಿನಲ್ಲಿ ನಾಲ್ಕು ದಿನ ಇರುತ್ತೀರಿ, ಅದರಲ್ಲಿ ಒಂದು ದಿನ ಬೆಳಿಗ್ಗೆ ಹೊರಟು ಇಟಲಿಯ ಕಡಲಂಚಿನ ಚಿಂಕ್ವೆ ತೆರ್ರೆಯ ಐದೂ ಊರು ನೋಡಿ, ಸಮುದ್ರದ ಅಂಚಿನ ಆ ದಾರಿಯಲ್ಲಿ ಒಂದಿಷ್ಟು ನಡೆದು, ರಾತ್ರಿಗೆ ವಾಪಸ್ ಬರಬೇಕು, ಜೊತೆಗೆ ಅರವತ್ತು ದಾಟಿದ ಅಪ್ಪ-ಅಮ್ಮ ಇದ್ದಾರೆ. ಆಗುತ್ತಾ ಅಂತ.

ಆಗುತ್ತದೆ. ಆದರೆ ಮಾಡಬೇಡಿ.

ನಾನು ಮಿಲಾನೋದಲ್ಲಿ ಓದಲು ಬಂದವನು, ಆಮೇಲೆ ಇಲ್ಲೇ ಕೆಲಸಕ್ಕೆ ಸೇರಿದೆ. ಇಲ್ಲಿಂದ ಆ ಐದರಲ್ಲಿ ಮೊದಲನೇ ಊರು ಮೊಂತೆರೊಸ್ಸೊಗೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಮೂರು ಸಲ ಹೋಗಿದ್ದೇನೆ. ಮೊದಲನೇ ಸಲ ನೀವು ಹೇಳಿದ ಹಾಗೇ ಮಾಡಿದೆ, ಒಂದೇ ದಿನ, ಐದು ಊರು. ಏನು ನೋಡಿದೆ ಅಂತ ಕೇಳಿದರೆ ಐದು ರೈಲ್ವೆ ಪ್ಲಾಟ್‌ಫಾರ್ಮು ಮತ್ತು ಮುಂದಿನವರ ಬೆನ್ನುಚೀಲ. ಒಂದೊಂದು ಊರಿಗೂ ರೈಲಿನಲ್ಲಿ ನಾಲ್ಕೈದು ನಿಮಿಷ ಅಷ್ಟೇ, ಮಧ್ಯೆ ಬರೀ ಸುರಂಗ, ಹಾಗಾಗಿ ಸುಲಭ ಅನ್ನಿಸುತ್ತದೆ. ಆದರೆ ಪ್ರತಿ ಸಲ ಇಳಿ, ಜನರ ಜೊತೆ ಬಂದರಿನ ತನಕ ಹೋಗು, ಫೋಟೋ ತೆಗಿ, ಮತ್ತೆ ಬಾ, ರೈಲಿಗೆ ಕಾಯಿ. ಮಧ್ಯಾಹ್ನದ ಹೊತ್ತಿಗೆ ಯಾವ ಫೋಟೋ ಯಾವ ಊರಿನದು ಅಂತ ನನಗೇ ಗೊತ್ತಾಗಲಿಲ್ಲ. ನಿಮ್ಮ ವಿಷಯದಲ್ಲಿ ಫ್ಲಾರೆನ್ಸಿನಿಂದ ಐದೂರಿನ ಪಕ್ಕದ ಪಟ್ಟಣ ಲಾ ಸ್ಪೆಜಿಯಾಗೆ ಹೋಗೋಕೇ ಎರಡೂವರೆ ಗಂಟೆ ಹತ್ತಿರ, ಎಷ್ಟೋ ರೈಲಿಗೆ ಪೀಸಾದಲ್ಲಿ ಇಳಿದು ಬದಲಾಯಿಸಬೇಕು. ಹೋಗಿ ಬರೋಕೆ ಐದು ಗಂಟೆ ಹೋಯಿತು. ಉಳಿದದ್ದರಲ್ಲಿ ಏನು ನಡೆಯುತ್ತೀರಿ?

ಎರಡು ರಾತ್ರಿ ಉಳಿಯಿರಿ. ಫ್ಲಾರೆನ್ಸಿನ ನಾಲ್ಕರಲ್ಲಿ ಎರಡು ಕತ್ತರಿಸಿದರೂ ಪರವಾಗಿಲ್ಲ ಅಂತ ನಾನು ಹೇಳುತ್ತೇನೆ, ಮ್ಯೂಸಿಯಂ ಪ್ರಿಯರು ಬೈಯಬಹುದು.

ಮೊದಲು ಊರುಗಳ ಹೆಸರು, ಯಾಕೆಂದರೆ ರೈಲಿನಲ್ಲಿ ಕಿವಿಗೊಟ್ಟು ಕೇಳಬೇಕು. ಪಶ್ಚಿಮದಿಂದ ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನಿಲ್ಯಾ, ಮನಾರೊಲಾ, ರಿಯೊಮಜ್ಜೋರೆ. ಕೊರ್ನಿಲ್ಯಾದ ಸ್ಪೆಲಿಂಗಿನಲ್ಲಿ ಒಂದು 'ಗ' ಇದೆ, ಬಾಯಲ್ಲಿ ಇಲ್ಲ. ನಾನು ಟಿಕೆಟ್ ಕೌಂಟರಿನಲ್ಲಿ 'ಕಾರ್ನಿಗ್ಲಿಯಾ' ಅಂತ ಮೂರು ಸಲ ಕೇಳಿ, ಕೊನೆಗೆ ಬರೆದು ತೋರಿಸಿದೆ. 1997ರಲ್ಲಿ ಈ ಐದೂರು ಮತ್ತು ಪಕ್ಕದ ಪೋರ್ತೊವೆನೆರೆಯನ್ನು ಯುನೆಸ್ಕೋ ಪಟ್ಟಿಗೆ ಸೇರಿಸಿದರು, 1999ರಲ್ಲಿ ಇದು ರಾಷ್ಟ್ರೀಯ ಉದ್ಯಾನ ಆಯಿತು. ರಾಷ್ಟ್ರೀಯ ಉದ್ಯಾನ ಅಂದರೆ ನಮಗೆ ಆನೆ, ಹುಲಿ, ಸಫಾರಿ ಜೀಪು ನೆನಪಾಗುತ್ತದೆ ಅಲ್ವಾ? ಇಲ್ಲಿ ಕಾಪಾಡುತ್ತಿರುವುದು ಮುಖ್ಯವಾಗಿ ಕಲ್ಲಿನ ಗೋಡೆಗಳನ್ನು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ನಡಿಗೆ. ಎಲ್ಲರೂ ಹೇಳುವುದು ಸೆಂತಿಯೆರೊ ಅಜ್ಜುರ್ರೊ, ಅಂದರೆ ನೀಲಿ ದಾರಿ. ಐದೂ ಊರನ್ನು ಸಮುದ್ರದ ಮಗ್ಗುಲಲ್ಲೇ ಜೋಡಿಸುತ್ತಿದ್ದ ಸುಮಾರು 12 ಕಿಲೋಮೀಟರ್ ಹಾದಿ. 'ಜೋಡಿಸುತ್ತಿದ್ದ' ಅಂತ ಯಾಕೆ ಬರೆದೆ ಅಂದರೆ, ಗುಡ್ಡ ಕುಸಿದು ಮನಾರೊಲಾ ಮತ್ತು ಕೊರ್ನಿಲ್ಯಾ ನಡುವಿನ ಕೆಳಗಿನ ದಾರಿ ವರ್ಷಗಳಿಂದ ಮುಚ್ಚಿದೆ. ಹಳೆಯ ಬರಹಗಳನ್ನು ಓದಿ ಆ ದಾರಿ ಹುಡುಕಲು ಹೋಗಬೇಡಿ.

ಮೊಂತೆರೊಸ್ಸೊದಿಂದ ವೆರ್ನಾತ್ಸಾಗೆ ಮೂರೂವರೆ ಕಿಲೋಮೀಟರ್, ಎರಡು ಗಂಟೆ ಇಟ್ಟುಕೊಳ್ಳಿ. ಶುರುವಿನಲ್ಲೇ ಮೆಟ್ಟಿಲು, ಮೆಟ್ಟಿಲು, ಮತ್ತೂ ಮೆಟ್ಟಿಲು, ಒಂದರ ಎತ್ತರ ಇನ್ನೊಂದಕ್ಕಿಲ್ಲ. ಕೆಲವು ಕಡೆ ಎದುರಿಗೆ ಜನ ಬಂದರೆ ಒಬ್ಬರು ಗೋಡೆಗೆ ಒರಗಿ ನಿಲ್ಲಬೇಕು. ಕೊನೆಯಲ್ಲಿ ವೆರ್ನಾತ್ಸಾ ಮೇಲಿನಿಂದ ಕಾಣುತ್ತದೆ, ಗುಂಡಗಿನ ಕಾವಲುಗೋಪುರ, ಅಂಗೈಯಷ್ಟು ಬಂದರು, ನೀರಿಗೆ ತಾಗಿಕೊಂಡೇ ಇರುವ ಇಗರ್ಜಿ. ಆ ನೋಟಕ್ಕೆ ಮೆಟ್ಟಿಲು ಹತ್ತಿದ್ದು ಸಾರ್ಥಕ, ನಿಜ. ಆದರೆ ಮಂಡಿನೋವು ಇರುವವರನ್ನು ಈ ತುಂಡಿಗೆ ಕರೆದೊಯ್ಯಬೇಡಿ. ಜನ ಜಾಸ್ತಿ ಇರುವ ಕೆಲವು ದಿನ ಇದನ್ನು ಏಕಮುಖ ಮಾಡುತ್ತಾರೆ, ಹಿಂದಿನ ದಿನವೇ ವಿಚಾರಿಸಿಕೊಳ್ಳಿ. ವೆರ್ನಾತ್ಸಾದಿಂದ ಕೊರ್ನಿಲ್ಯಾ ತುಂಡು ಸ್ವಲ್ಪ ನೆರಳಿನದು, ಆಲಿವ್ ಮರಗಳ ನಡುವೆ ಹೋಗುತ್ತದೆ, ಅದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ಈ ಎರಡಕ್ಕೂ ಚಿಂಕ್ವೆ ತೆರ್ರೆ ಕಾರ್ಡ್, ಅಂದರೆ ಉದ್ಯಾನದ ಪಾಸ್ ಬೇಕು. ರೈಲೂ ಸೇರಿರುವ ಕಾರ್ಡ್ ಒಂದಿದೆ, ಬರೀ ನಡಿಗೆಯದು ಒಂದಿದೆ, ಬೆಲೆ ಋತುವಿಗೆ ತಕ್ಕಂತೆ ಬದಲಾಗುತ್ತದೆ.

ಇನ್ನು ಎಲ್ಲರೂ ಕೇಳುವ ವಿಯಾ ದೆಲ್ಲಾಮೊರೆ, ಪ್ರೀತಿಯ ದಾರಿ. ರಿಯೊಮಜ್ಜೋರೆ ಮತ್ತು ಮನಾರೊಲಾ ನಡುವೆ ಬಂಡೆ ಕೊರೆದು ಮಾಡಿದ ಒಂದು ಕಿಲೋಮೀಟರಿಗೂ ಕಡಿಮೆ ಹಾದಿ. 2012ರಲ್ಲಿ ಬಂಡೆ ಉರುಳಿ ನಾಲ್ವರು ಪ್ರವಾಸಿಗರಿಗೆ ಗಾಯವಾಯಿತು, ಮುಚ್ಚಿದರು. ಮತ್ತೆ ತೆರೆದದ್ದು 2024ರಲ್ಲಿ. ಹನ್ನೆರಡು ವರ್ಷ! ಈಗ ಕಾರ್ಡಿನ ಮೇಲೆ ಬೇರೆ ದುಡ್ಡು ಕೊಟ್ಟು ಸಮಯ ಮುಂಗಡ ಬುಕ್ ಮಾಡಬೇಕು. ಸಮತಟ್ಟಾಗಿದೆ, ಇಪ್ಪತ್ತು-ಇಪ್ಪತ್ತೈದು ನಿಮಿಷದಲ್ಲಿ ಮುಗಿಯುತ್ತದೆ, ಹಿರಿಯರಿಗೆ ಹೇಳಿ ಮಾಡಿಸಿದ ಹಾಗಿದೆ. ನಮ್ಮ ಅಮ್ಮನಿಗೆ ತುಂಬಾ ಇಷ್ಟವಾಯಿತು. ನನಗೆ ಅಷ್ಟಕ್ಕಷ್ಟೆ, ತಲೆ ಮೇಲೆ ಬಲೆ, ಪಕ್ಕದಲ್ಲಿ ಕಂಬಿ, ಸುಮ್ನೆ ವಾಕಿಂಗ್ ಮಾಡಿದ ಹಾಗೆ ಅನ್ನಿಸಿತು.

ನಾನು ನಿಮಗೆ ಹೇಳಬೇಕು ಅಂತ ಇಷ್ಟುದ್ದ ಬರೆಯುತ್ತಿರುವುದು ಬೇರೆ ದಾರಿಯ ಬಗ್ಗೆ. ವೊಲಾಸ್ತ್ರಾ ದಾರಿ.

ವೊಲಾಸ್ತ್ರಾ ಅಂದರೆ ಮನಾರೊಲಾದ ನೆತ್ತಿಯ ಮೇಲೆ, ಸಮುದ್ರದಿಂದ 300 ಮೀಟರಿಗೂ ಮೇಲಿರುವ ಸಣ್ಣ ಊರು. ಐದರ ಲೆಕ್ಕದಲ್ಲಿಲ್ಲ, ಹಾಗಾಗಿ ಯಾರೂ ಬರುವುದಿಲ್ಲ. ಮನಾರೊಲಾದಿಂದ ನಡೆದು ಹತ್ತಿದರೆ ಉಸಿರು ಹೋಗುತ್ತದೆ. ಹತ್ತಬೇಡಿ, ಪುಟ್ಟ ಬಸ್ ಇದೆ, ಆ ಕಾರ್ಡ್ ಇದ್ದರೆ ಸಾಕು. ಬಸ್ಸಿನಲ್ಲಿ ಮೇಲೆ ಹೋಗಿ, ಊರಿನ ಇಗರ್ಜಿ ಪಕ್ಕದಿಂದ ಕೊರ್ನಿಲ್ಯಾ ಕಡೆ ನಡೆಯಿರಿ. ಮೊದಲರ್ಧ ಹೆಚ್ಚುಕಡಿಮೆ ಸಮತಟ್ಟು, ಕಾಲ ಕೆಳಗೆ ದ್ರಾಕ್ಷಿ ತೋಟ, ಅದರ ಕೆಳಗೆ ಇನ್ನೊಂದು ಮೆಟ್ಟಿಲು ದ್ರಾಕ್ಷಿ, ಅದರ ಕೆಳಗೆ ನೇರ ಸಮುದ್ರ. ಕಲ್ಲಿನ ಮೇಲೆ ಬಿಳಿ-ಕೆಂಪು ಪಟ್ಟಿ ಬಳಿದಿರುತ್ತಾರೆ, ಅದನ್ನೇ ಹಿಡಿದು ಹೋದರಾಯಿತು. 586 ಅಂತ ನಂಬರಿನ ಹಾದಿ, ಆಮೇಲೆ 587. ಕೊನೆಗೆ ಕಾಡಿನೊಳಗೆ ಕಲ್ಲು ಕಲ್ಲಾದ ಇಳಿಜಾರು ಬರುತ್ತದೆ, ಅಲ್ಲಿ ಮಾತ್ರ ಹುಷಾರು, ಅಪ್ಪ-ಅಮ್ಮನ ಕೈಗೊಂದು ಕೋಲು ಕೊಡಿ. ಈ ಹಾದಿಯಲ್ಲಿ ನಡೆಯಲು ದುಡ್ಡಿಲ್ಲ. ನಾವು ನಿಧಾನಕ್ಕೆ ಎರಡೂವರೆ ಗಂಟೆ ತಗೊಂಡೆವು.

ಹೋದ ಸಲ ಸೆಪ್ಟೆಂಬರ್ ಕೊನೆಯಲ್ಲಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ನಮ್ಮದು ಶಿರಸಿ ಕಡೆ, ಅಡಿಕೆ ತೋಟ. ಅಪ್ಪನಿಗೆ ಸಮುದ್ರದಲ್ಲಿ ಆಸಕ್ತಿಯೇ ಇಲ್ಲ, ಗೋಕರ್ಣದಲ್ಲಿ ನೋಡಿದ್ದೇನಲ್ಲ ಅಂತ. ವೊಲಾಸ್ತ್ರಾ ದಾಟಿ ಹತ್ತು ನಿಮಿಷ ಆಗಿರಬಹುದು, ನಿಂತುಬಿಟ್ಟರು. ಗೋಡೆಗೆ ಕೈಯಿಟ್ಟು, "ಗಾರೆ ಇಲ್ಲವಲ್ಲೋ ಇದಕ್ಕೆ" ಅಂದರು. ಹೌದು, ಇಲ್ಲ. ಆ ಇಡೀ ಗುಡ್ಡವನ್ನು ನೂರಾರು ವರ್ಷದಿಂದ ಸಿಮೆಂಟೂ ಇಲ್ಲದೆ, ಮಣ್ಣಿನ ಗಾರೆಯೂ ಇಲ್ಲದೆ, ಕಲ್ಲಿನ ಮೇಲೆ ಕಲ್ಲಿಟ್ಟು ಮೆಟ್ಟಿಲು ಮಾಡಿದ್ದಾರೆ. ಗೋಡೆ ಸ್ವಲ್ಪ ಗುಡ್ಡದ ಕಡೆಗೆ ವಾಲಿರುತ್ತದೆ, ಹಿಂದುಗಡೆ ಜಲ್ಲಿ ತುಂಬಿರುತ್ತಾರೆ, ಮಳೆನೀರು ಸಂದಿಯಿಂದ ಬಸಿದು ಹೋಗುತ್ತದೆ, ಹಾಗಾಗಿ ಗೋಡೆಯ ಮೇಲೆ ನೀರಿನ ಒತ್ತಡ ಬೀಳುವುದಿಲ್ಲ. ಗಾರೆ ಹಾಕಿದ್ದರೆ ಒಡೆದುಕೊಂಡು ಬರುತ್ತಿತ್ತು ಅಂತ ಅಪ್ಪನೇ ನನಗೆ ವಿವರಿಸಿದರು, ನಾನು ಗೈಡು ಅಂತ ಬಂದವನು!

ಸ್ವಲ್ಪ ಮುಂದೆ ಒಬ್ಬ ಮುದುಕರು ಕುಸಿದ ಗೋಡೆ ಕಟ್ಟುತ್ತಿದ್ದರು. ಒಂದು ಸುತ್ತಿಗೆ, ಒಂದು ಬಕೆಟ್ಟು, ಅಷ್ಟೆ. ಅಪ್ಪ ಕೆಳಗಿದ್ದ ಒಂದು ಕಲ್ಲು ಎತ್ತಿ ಕೊಟ್ಟರು. ಮುದುಕರು ಅದನ್ನು ತಿರುಗಿಸಿ ನೋಡಿ, ತಲೆ ಅಲ್ಲಾಡಿಸಿ, ಪಕ್ಕಕ್ಕಿಟ್ಟು, ಬೇರೊಂದು ಕಲ್ಲಿನ ಕಡೆ ಬೆರಳು ತೋರಿಸಿದರು. ಅಪ್ಪ ಅದನ್ನು ಕೊಟ್ಟರು. ಅದು ಕೂತಿತು. ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಇಟಾಲಿಯನ್. ಕಾಲು ಗಂಟೆ ಅಲ್ಲೇ ಹೋಯಿತು, ಅಮ್ಮ ಆಲಿವ್ ಮರದಡಿ ಕೂತು ಚಕ್ಕುಲಿ ಮುಗಿಸಿದರು.

ಕೊಯ್ಲಿನ ಕಾಲ ಅದು. ತೋಟದ ಮಧ್ಯೆ ಒಂಟಿ ಹಳಿಯ ಮೇಲೆ ಆಟಿಕೆಯಂಥ ಯಂತ್ರ ಡುಗುಡುಗು ಅಂತ ದ್ರಾಕ್ಷಿ ಕ್ರೇಟು ಹೊತ್ತು ಮೇಲೆ ಹತ್ತುತ್ತದೆ. ಅದಕ್ಕೆ ಮೊದಲು ಎಲ್ಲ ತಲೆಹೊರೆಯೇ. ಇಂಥದ್ದೊಂದು ನಮ್ಮ ತೋಟಕ್ಕೂ ಬೇಕಿತ್ತು ಅಂತ ಅಪ್ಪ ಈಗಲೂ ಫೋನಿನಲ್ಲಿ ಹೇಳುತ್ತಾರೆ. ಆ ದ್ರಾಕ್ಷಿಯನ್ನು ಒಣಗಿಸಿ ಶಾಕ್ಕೆತ್ರಾ ಅನ್ನುವ ಸಿಹಿ ವೈನ್ ಮಾಡುತ್ತಾರೆ, ಚಿಕ್ಕ ಲೋಟಕ್ಕೆ ದೊಡ್ಡ ದುಡ್ಡು.

ಕಷ್ಟ ಏನೆಂದರೆ ಈಗ ತೋಟ ಮಾಡುವವರು ಕಡಿಮೆ. ಬಿಟ್ಟ ತೋಟದಲ್ಲಿ ಗೋಡೆ ಕುಸಿಯುತ್ತದೆ, ಗೋಡೆ ಕುಸಿದಲ್ಲಿ ಗುಡ್ಡ ಜಾರುತ್ತದೆ. 2011ರ ಅಕ್ಟೋಬರ್ 25ರಂದು ಭಾರೀ ಮಳೆ ಸುರಿದು ವೆರ್ನಾತ್ಸಾ, ಮೊಂತೆರೊಸ್ಸೊ ಎರಡಕ್ಕೂ ಗುಡ್ಡದ ಮಣ್ಣು ನುಗ್ಗಿತ್ತು. ವೆರ್ನಾತ್ಸಾದ ಮುಖ್ಯ ಬೀದಿಯ ಅಂಗಡಿಗಳು ಮಣ್ಣಿನಲ್ಲಿ ಹೂತುಹೋದವು, ಜನ ಸತ್ತರು. ಈಗ ಆ ಬೀದಿಯಲ್ಲಿ ಐಸ್‌ಕ್ರೀಂ ತಿನ್ನುತ್ತಾ ನಡೆದರೆ ಗೊತ್ತೇ ಆಗುವುದಿಲ್ಲ. ಕೆಳಗೆ ಬಣ್ಣ ಬಣ್ಣದ ಮನೆ ನೋಡಿ ಹೋಗುವವರಿಗೆ ಮೇಲಿನ ಗೋಡೆ ಕಾಣುವುದಿಲ್ಲ, ಆದರೆ ಆ ಮನೆಗಳು ನಿಂತಿರುವುದು ಈ ಗೋಡೆಗಳ ದಯದಿಂದ. ವೊಲಾಸ್ತ್ರಾ ದಾರಿ ನಡೆಯಿರಿ ಅಂತ ನಾನು ಪೀಡಿಸುತ್ತಿರುವುದು ಅದಕ್ಕೇ.

ಕೊರ್ನಿಲ್ಯಾ ಒಂದೇ ನೀರಿನ ಮಟ್ಟದಲ್ಲಿಲ್ಲದ ಊರು, ಸುಮಾರು 100 ಮೀಟರ್ ಮೇಲೆ. ದೋಣಿ ಅಲ್ಲಿ ನಿಲ್ಲುವುದಿಲ್ಲ. ರೈಲಿನಲ್ಲಿ ಬಂದವರು ಲಾರ್ದರೀನಾ ಅನ್ನುವ ಮೆಟ್ಟಿಲು ಹತ್ತಬೇಕು, 380ರ ಆಸುಪಾಸು. ನೀವು ವೊಲಾಸ್ತ್ರಾದಿಂದ ಬಂದರೆ ಅದನ್ನು ಇಳಿಯುವುದಷ್ಟೇ ಬಾಕಿ, ಅದೂ ಬೇಡವೆಂದರೆ ಸ್ಟೇಷನ್ನಿಗೆ ಬಸ್ ಇದೆ. ನಾವು ಎಣಿಸುತ್ತಾ ಇಳಿದೆವು. ಮೂವರದೂ ಬೇರೆ ಬೇರೆ ಲೆಕ್ಕ.

ಊಟದ ಬಗ್ಗೆ ನೀವು ಕೇಳಿಲ್ಲ, ಆದರೆ ಅಪ್ಪ-ಅಮ್ಮ ಸಸ್ಯಾಹಾರಿ ಆಗಿದ್ದರೆ ಖಂಡಿತ ಕೇಳುತ್ತೀರಿ. ಇಟಲಿಯಲ್ಲೇ ಇದು ಸುಲಭದ ಜಾಗ. ಪೆಸ್ತೊ ಹುಟ್ಟಿದ್ದು ಈ ಲಿಗೂರಿಯಾ ಸೀಮೆಯಲ್ಲಿ. ತುಳಸಿ ಜಾತಿಯ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿ, ಚೀಸು, ಆಲಿವ್ ಎಣ್ಣೆ, ಒರಳಲ್ಲಿ ಅರೆದ ಚಟ್ನಿಯೇ ಅನ್ನಿ. ಪಾಸ್ತಾ ಜೊತೆ ಆಲೂಗಡ್ಡೆ, ಬೀನ್ಸನ್ನೂ ಹಾಕಿ ಕೊಡುತ್ತಾರೆ. ಚೀಸಿನಲ್ಲಿ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ, ತೀರಾ ಕಟ್ಟುನಿಟ್ಟಿನವರಿಗೆ ಮೊದಲೇ ಹೇಳಿಬಿಡಿ. ಮತ್ತೆ ಫಾರಿನಾತಾ. ಕಡಲೆಹಿಟ್ಟು, ನೀರು, ಎಣ್ಣೆ, ಉಪ್ಪು ಕಲಸಿ ದೊಡ್ಡ ತಟ್ಟೆಯಲ್ಲಿ ಹುಯ್ದು ಒಲೆಯೊಳಗೆ ಬೇಯಿಸುತ್ತಾರೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಇದಕ್ಕೆ ಎರಡು ಹಸಿಮೆಣಸು ಕೊಚ್ಚಿ ಹಾಕಿದ್ದರೆ" ಅಂದರು. ಎರಡು ದಿನ ಅದೇ ತಿಂದರು. ಮೊಂತೆರೊಸ್ಸೊದಲ್ಲಿ ಮಾತ್ರ ಸಣ್ಣ ಮೀನು ಪ್ರಸಿದ್ಧ, ಎಲ್ಲೆಲ್ಲೋ ಸೇರಿಸಿರುತ್ತಾರೆ. 'ಸೆಂತ್ಸಾ ಪೆಶೆ' ಅಂತ ಒಂದು ಮಾತು ಕಲಿತುಕೊಳ್ಳಿ, ಮೀನಿಲ್ಲದೆ ಅಂತ.

ಉಳಿದುಕೊಳ್ಳಲು ಐದೂರೊಳಗೇ ರೂಮು ಹಿಡಿದರೆ ಸೂಟ್‌ಕೇಸ್ ಹೊತ್ತು ಮೆಟ್ಟಿಲು ಹತ್ತುವ ಯೋಗ ಖಚಿತ. ನಾವು ಮೊಂತೆರೊಸ್ಸೊ ಪಕ್ಕದ ಲೆವಾಂತೊದಲ್ಲಿ ಉಳಿದೆವು, ಬೆಲೆಯೂ ಕಡಿಮೆ, ನೆಲವೂ ಸಮ. ಅಲ್ಲಿಂದ ಬೊನಾಸ್ಸೋಲಾ ಕಡೆಗೆ ಹಳೇ ರೈಲು ಸುರಂಗಗಳನ್ನೇ ನಡಿಗೆ-ಸೈಕಲ್ ದಾರಿ ಮಾಡಿದ್ದಾರೆ. ಒಂದು ಏರಿಲ್ಲ, ತಂಪು, ಸುರಂಗ ಮುಗಿದಲ್ಲೆಲ್ಲ ಸಮುದ್ರ. ಮಂಡಿ ಸೋತ ದಿನಕ್ಕೆ ಅದನ್ನಿಟ್ಟುಕೊಳ್ಳಿ. ಎರಡನೇ ಸಂಜೆ ಮನಾರೊಲಾಗೆ ಹೋಗಿ. ಬಂದರಿಗೆ ಜಾಗ ಸಾಲದೆ ದೋಣಿಗಳನ್ನು ಬೀದಿಗೇ ಎಳೆದು, ಮನೆಮುಂದೆ ಸ್ಕೂಟರ್ ನಿಲ್ಲಿಸಿದ ಹಾಗೆ ನಿಲ್ಲಿಸಿರುತ್ತಾರೆ. ಹಗಲಿನವರೆಲ್ಲ ರೈಲು ಹತ್ತಿ ಹೋದಮೇಲೆ ಅಲ್ಲಿ ಅಜ್ಜಿಯರು ಬೆಂಚಿಗೆ ಬರುತ್ತಾರೆ.

ಪೋರ್ತೊವೆನೆರೆ, ದಕ್ಷಿಣದ ಅಮಾಲ್ಫಿ ಕರಾವಳಿ ಎಲ್ಲ ಈ ಸಲ ಬಿಡಿ. ಜುಲೈ, ಆಗಸ್ಟ್ ಆದರೆ ಪ್ರವಾಸವನ್ನೇ ಮುಂದಕ್ಕೆ ಹಾಕಿ, ಆ ಬಿಸಿಲಿನಲ್ಲಿ ಆ ಜನಜಂಗುಳಿಯಲ್ಲಿ ಹಿರಿಯರನ್ನು ನಡೆಸಬಾರದು. ಮೇ ಅಥವಾ ಸೆಪ್ಟೆಂಬರ್ ಕೊನೆ ಒಳ್ಳೆಯದು. ಅಕ್ಟೋಬರ್ ಕಳೆಯುತ್ತಾ ಬಂದರೆ ಮಳೆ, ಎಚ್ಚರಿಕೆ ಕೊಟ್ಟ ದಿನ ದಾರಿ ಮುಚ್ಚಿಬಿಡುತ್ತಾರೆ. ಪೇಪರ್ ಟಿಕೆಟ್ ತಗೊಂಡರೆ ರೈಲು ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ. ನಾನು ಮೊದಲ ಸಲ ಮರೆತು ದಂಡ ಕಟ್ಟಿದ್ದೇನೆ, ತಪ್ಪು ನನ್ನದೇ.

ಇನ್ನೊಂದು, ಚಪ್ಪಲಿ ಹಾಕಿಕೊಂಡು ಆ ಹಾದಿಗಳಿಗೆ ಇಳಿದರೂ ದಂಡ ಇದೆ, 50 ಯೂರೋದಿಂದ 2,500 ಯೂರೋವರೆಗೆ. ತಮಾಷೆ ಅಲ್ಲ, 2019ರಿಂದ ಹೀಗಿದೆ. ನಮ್ಮ ಅಪ್ಪ ಜೀವಮಾನದಲ್ಲಿ ಶೂ ಹಾಕಿದವರಲ್ಲ, ಶಿರಸಿಯಲ್ಲೇ ಒಂದು ಜೊತೆ ಕ್ಯಾನ್ವಾಸ್ ಶೂ ಕೊಡಿಸಿ, ಹದಿನೈದು ದಿನ ತೋಟಕ್ಕೆ ಅದನ್ನೇ ಹಾಕಿಕೊಂಡು ಹೋಗಿ ಅಂತ ಅಭ್ಯಾಸ ಮಾಡಿಸಿದ್ದೆವು. ನೀವೂ ಹೊರಡುವ ಮುಂಚೆಯೇ ಅದೊಂದು ಮಾಡಿಸಿ.