‘ಅಮ್ಮ ಹಾಸ್ಪಿಟಲ್‌ನಲ್ಲಿ ಕೆಲಸ ಮಾಡ್ತಾರೆ’ ಎಂದಷ್ಟೇ ಹೇಳುವ ಮಗಳು

ಪ್ರಶ್ನೆ: ನನಗೆ 39 ವರ್ಷ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ, ಆಮೇಲೆ ನರ್ಸಿಂಗ್‌ನಲ್ಲೇ ಪೋಸ್ಟ್ ಬೇಸಿಕ್ ಬಿಎಸ್ಸಿ ಪದವಿ ಮುಗಿಸಿ, 14 ವರ್ಷಗಳಿಂದ ಖಾಸಗಿ ಆಸ್ಪತ್ರೆಯೊಂದರ ಐಸಿಯುನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಮಗಳು ಮೊದಲ ಪಿಯುಸಿ, ವಿಜ್ಞಾನ ವಿಭಾಗ. ನೀಟ್ ಬರೆದು ಡಾಕ್ಟರ್ ಆಗುವ ಆಸೆ. ಒಂದು ವರ್ಷದಿಂದ ಮೊಬೈಲಿನಲ್ಲಿ ಅಮೆರಿಕದ ವೈದ್ಯಕೀಯ ಧಾರಾವಾಹಿಗಳನ್ನು ನೋಡುತ್ತಾಳೆ. ಒಂದು ದಿನ, ‘ಅಮ್ಮ, ಇಷ್ಟು ಸೀಸನ್ ನೋಡಿದೆ, ಎಲ್ಲವನ್ನೂ ಡಾಕ್ಟರ್‌ಗಳೇ ಮಾಡ್ತಾರೆ. ನೀನು ನಿಜವಾಗಿ ಏನು ಮಾಡ್ತೀಯ?’ ಎಂದು ಕೇಳಿದಳು. ‘ಡಾಕ್ಟರ್ ಹೇಳಿದ್ದು ಮಾಡ್ತೀವಿ’ ಎಂದು ನಕ್ಕು ಸುಮ್ಮನಾದೆ. ಆದರೆ ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗದ ಮುಂದೆ ಅವಳು ‘ಖಾಸಗಿ ಉದ್ಯೋಗಿ’ ಎಂದು ಬರೆದದ್ದನ್ನು ಕಂಡು ಕರುಳು ಹಿಂಡಿದಂತಾಯಿತು. ಈಗ ನರ್ಸಿಂಗ್ ಕಾಲೇಜೊಂದು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿ ಬನ್ನಿ ಎನ್ನುತ್ತಿದೆ. ಸಂಬಳ ಸ್ವಲ್ಪ ಕಡಿಮೆ, ನೈಟ್ ಡ್ಯೂಟಿ ಇಲ್ಲ. ‘ಲೆಕ್ಚರರ್ ಅಂತ ಹೇಳಿಕೊಳ್ಳಬಹುದು’ ಎಂದು ಯಜಮಾನರೂ ಅತ್ತೆಯವರೂ ಒತ್ತಾಯಿಸುತ್ತಿದ್ದಾರೆ. ನನಗೋ ಐಸಿಯು ಬಿಡಲು ಮನಸ್ಸಿಲ್ಲ. ಹೋದ ವಾರ ರಾತ್ರಿ ಮೂರು ಗಂಟೆಗೆ ಒಬ್ಬರು ಸೀರಿಯಸ್ ಆದರು, ಡಾಕ್ಟರ್ ಬಂದು ಉಳಿಸಿದರು, ಬೆಳಿಗ್ಗೆ ಅವರ ಹೆಂಡತಿ ನನ್ನ ಕೈ ಹಿಡಿದು ಅತ್ತರು. ಅಂಥದ್ದನ್ನು ಬಿಟ್ಟು ಹೋಗುವುದು ಹೇಗೆ? ಮಗಳು ಆ ಧಾರಾವಾಹಿಗಳನ್ನು ನೋಡದಂತೆ ತಡೆಯಲೇ?

– ಹೆಸರು ಬೇಡ, ಮಧ್ಯ ಕರ್ನಾಟಕ

ಉತ್ತರ: ಪ್ರಿಯ ಸೋದರಿ, ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದ್ದು ಆ ಅರ್ಜಿಯ ಸಂಗತಿಯಲ್ಲ, ಕೊನೆಯಲ್ಲಿ ನೀವು ಹಾಗೆಯೇ ಬರೆದು ಮುಂದೆ ಹೋದ ಒಂದು ವಾಕ್ಯ: ‘ಒಬ್ಬರು ಸೀರಿಯಸ್ ಆದರು, ಡಾಕ್ಟರ್ ಬಂದು ಉಳಿಸಿದರು.’ ರಾತ್ರಿ ಮೂರು ಗಂಟೆಗೆ ಆ ಡಾಕ್ಟರ್ ತಾವಾಗಿಯೇ ಎದ್ದು ಬಂದರೇ? ಆ ರೋಗಿಯ ಸ್ಥಿತಿ ಜಾರುತ್ತಿದೆ ಎಂದು ಮೊದಲು ಕಂಡದ್ದು ಯಾರಿಗೆ? ನೀವು ಬರೆದಿಲ್ಲ, ಆದ್ದರಿಂದ ನಾನು ಊಹಿಸಿಕೊಳ್ಳಬೇಕಾಗಿದೆ. ಯೂರಿನ್ ಬ್ಯಾಗಿನಲ್ಲಿ ಎರಡು ಗಂಟೆಯಿಂದ ಮೂತ್ರ ಏರದೆ ನಿಂತಿದ್ದನ್ನು, ಪಾದ ತಣ್ಣಗಾಗಿದ್ದನ್ನು, ನಿಮಿಷಕ್ಕೆ 18 ಇದ್ದ ಉಸಿರು 28ಕ್ಕೆ ಏರಿದ್ದನ್ನು ಯಾರೋ ಒಬ್ಬರು ಗಮನಿಸಿರಬೇಕು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ಅವರು ಮೆಟ್ಟಿಲು ಹತ್ತಿ ಬರುವುದರೊಳಗೆ ಆಮ್ಲಜನಕ ಏರಿಸಿ, ರಕ್ತನಾಳಕ್ಕೆ ಇನ್ನೊಂದು ಕ್ಯಾನುಲಾ, ಅಂದರೆ ಡ್ರಿಪ್ಪಿನ ಸಣ್ಣ ನಳಿಕೆ, ಹಾಕಿ, ಬೇಕಾಗಬಹುದಾದ ಇಂಜೆಕ್ಷನ್‌ಗಳನ್ನು ಟ್ರಾಲಿಯ ಮೇಲೆ ತೆಗೆದಿಟ್ಟಿರಬೇಕು. ಆ ಒಬ್ಬರು ನೀವೇ ಆಗಿದ್ದಿರಿ ಎಂಬುದು ರೋಗಿಯ ಹೆಂಡತಿಗೆ ತಿಳಿದಿತ್ತು, ಇಲ್ಲದಿದ್ದರೆ ಅವರು ನಿಮ್ಮ ಕೈ ಹಿಡಿಯುತ್ತಿರಲಿಲ್ಲ. ನೀವು ಮಾತ್ರ ಆ ರಾತ್ರಿಯ ಕಥೆಯನ್ನು ನಿಮ್ಮ ಮಗಳು ನೋಡುವ ಧಾರಾವಾಹಿಯ ಲೇಖಕನಂತೆಯೇ, ನಿಮ್ಮನ್ನು ಹೊರಗಿಟ್ಟು ಹೇಳಿದ್ದೀರಿ.

ಬೈಯುತ್ತಿದ್ದೇನೆ ಎಂದು ತಿಳಿಯಬೇಡಿ. ನಿಮ್ಮ ವೃತ್ತಿಯ ಬಹುಪಾಲು ಹೆಣ್ಣುಮಕ್ಕಳು ಹೀಗೆಯೇ ಮಾತನಾಡುವುದನ್ನು ನಾನು ಕೇಳಿದ್ದೇನೆ, ಮತ್ತು ಅದಕ್ಕೆ ಕಾರಣ ವಿನಯವೊಂದೇ ಅಲ್ಲ. ನನ್ನ ತಾಯಿ ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ದಿನ ಅವರ ಮಂಚದ ಪಕ್ಕ ಕುಳಿತಿದ್ದೆ. ಒಬ್ಬ ಸಿಸ್ಟರ್ ನಾಡಿ ನೋಡುವಾಗ ಎಲ್ಲರಿಗಿಂತ ಹೆಚ್ಚು ಹೊತ್ತು ಮಣಿಕಟ್ಟು ಹಿಡಿದಿರುತ್ತಿದ್ದರು. ಏಕೆಂದು ಕೇಳಿದಾಗ ಹೊರಗೆ ಕರೆದು ಹೇಳಿದರು: ನಾಡಿ ಎಣಿಸಿ ಆಗಿರುತ್ತದೆ, ಆಮೇಲೆ ಎಣಿಸುವುದು ಉಸಿರನ್ನು, ಉಸಿರು ಎಣಿಸುತ್ತಿದ್ದಾರೆಂದು ಗೊತ್ತಾದರೆ ರೋಗಿ ತನಗೇ ಅರಿವಿಲ್ಲದೆ ಬೇರೆ ರೀತಿ ಉಸಿರಾಡಲು ತೊಡಗುತ್ತಾರೆ, ಆದ್ದರಿಂದ ಬೆರಳು ನಾಡಿಯ ಮೇಲೆಯೇ ಇರುತ್ತದೆ, ಕಣ್ಣು ಎದೆಯ ಮೇಲಿರುತ್ತದೆ. ನಿಮಗೆ ಇದು ಮೊದಲ ವರ್ಷದ ಪಾಠ. ನನಗೆ ಮಾತ್ರ, ತಾನು ಮಾಡುತ್ತಿರುವುದು ಕಾಣದಂತೆ ಮಾಡುವುದೇ ಇವರ ಕಸುಬಿನ ಒಂದು ಭಾಗವಾಗಿರುವಾಗ, ಕಣ್ಣಿಗೆ ಕಾಣುವುದನ್ನಷ್ಟೇ ಹಿಡಿಯುವ ಕ್ಯಾಮೆರಾಕ್ಕೆ ಇವರು ದಕ್ಕುವುದಾದರೂ ಹೇಗೆ ಎಂದು ಅಂದು ಅನ್ನಿಸಿತ್ತು.

ನಿಮ್ಮ ಮಗಳು ನೋಡುತ್ತಿರುವುದು ಯಾವ ಧಾರಾವಾಹಿಗಳನ್ನು ಎಂದು ನೀವು ಹೆಸರಿಸಿಲ್ಲ. 2005ರಲ್ಲಿ ಆರಂಭವಾಗಿ ಎರಡು ದಶಕ ದಾಟಿದ ‘ಗ್ರೇಸ್ ಅನಾಟಮಿ’ ಅವುಗಳಲ್ಲಿ ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. 2004ರಿಂದ 2012ರವರೆಗೆ ಬಂದ ‘ಹೌಸ್’ ಕೂಡ ಇರಬಹುದು. ಎರಡರಲ್ಲೂ ವೈದ್ಯರೇ ರಕ್ತ ತೆಗೆಯುತ್ತಾರೆ, ವೈದ್ಯರೇ ಡ್ರಿಪ್ ಏರಿಸುತ್ತಾರೆ, ರಾತ್ರಿಯಿಡೀ ರೋಗಿಯ ಪಕ್ಕ ಕುಳಿತು ಸಮಾಧಾನ ಹೇಳುವವರೂ ವೈದ್ಯರೇ. ‘ಹೌಸ್’ನಲ್ಲಂತೂ ಸ್ಕ್ಯಾನಿಂಗ್ ಯಂತ್ರದ ಮುಂದೆ ಕೂರುವವರೂ ಅವರೇ. ಅಂದರೆ ಅಲ್ಲಿ ಶುಶ್ರೂಷೆ ಇಲ್ಲವೆಂದಲ್ಲ, ಧಾರಾಳವಾಗಿಯೇ ಇದೆ. ಅದನ್ನು ಮಾಡುವವರ ಮೈಮೇಲೆ ಬೇರೆಯವರ ಕೋಟು ತೊಡಿಸಲಾಗಿದೆ, ಅಷ್ಟೇ. ನಿಮ್ಮ ಮಗಳು ಮೆಚ್ಚಿಕೊಂಡ ದೃಶ್ಯಗಳಲ್ಲಿ ಅರ್ಧದಷ್ಟು ನಿಮ್ಮ ಕೆಲಸವೇ ಆಗಿರುವ ಸಾಧ್ಯತೆ ಇದೆ, ಮತ್ತು ಇದು ಅವಳಿಗೂ ನಿಮಗೂ ಇಬ್ಬರಿಗೂ ತಿಳಿದಿಲ್ಲ.

ಇದು ಇಂದು ನಿನ್ನೆಯದಲ್ಲ. 1961ರಲ್ಲಿ ಅಮೆರಿಕದಲ್ಲಿ ‘ಡಾಕ್ಟರ್ ಕಿಲ್ಡೇರ್’ ಮತ್ತು ‘ಬೆನ್ ಕೇಸಿ’ ಎಂಬ ಎರಡು ಆಸ್ಪತ್ರೆ ಧಾರಾವಾಹಿಗಳು ಮನೆಮಾತಾದವು. ಅವುಗಳ ಚಿತ್ರಕಥೆಯನ್ನು ಅಲ್ಲಿನ ವೈದ್ಯರ ಸಂಘದ ಸಮಿತಿಯೊಂದು ಪರಿಶೀಲಿಸಿ ಒಪ್ಪಿಗೆ ಕೊಡುತ್ತಿತ್ತು. ಮರುವರ್ಷ ‘ದ ನರ್ಸಸ್’ ಎಂಬ ಧಾರಾವಾಹಿ, ಹೆಸರೇ ಹೇಳುವಂತೆ ದಾದಿಯರನ್ನು ನಡುವಿಗಿಟ್ಟುಕೊಂಡು ಶುರುವಾಯಿತು. 1964ರ ಹೊತ್ತಿಗೆ ಅದರ ಹೆಸರು ‘ದ ಡಾಕ್ಟರ್ಸ್ ಆ್ಯಂಡ್ ದ ನರ್ಸಸ್’ ಎಂದು ಬದಲಾಯಿತು. ಮನೆ ಕಟ್ಟಿಸಿದವಳ ಹೆಸರಿನ ಮುಂದೆ ಆಮೇಲೆ ಬಂದವರ ಹೆಸರು ಕೆತ್ತಿಸಿದಂತೆ! ನನಗೆ ಈ ಒಂದು ಹೆಸರಿನ ಬದಲಾವಣೆಯಲ್ಲೇ ಮುಂದಿನ ಅರುವತ್ತು ವರ್ಷದ ಕಥೆ ಇದೆ ಎನ್ನಿಸುತ್ತದೆ.

ಆದರೂ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಲಾಗದು. 1994ರಿಂದ 2009ರವರೆಗೆ ನಡೆದ ‘ಇಆರ್’ನಲ್ಲಿ ಕ್ಯಾರಲ್ ಹ್ಯಾಥವೇ ಎಂಬ ನರ್ಸ್ ಇದ್ದಾಳೆ. ಅವಳು ವೈದ್ಯಕೀಯ ಪ್ರವೇಶ ಪರೀಕ್ಷೆ ಬರೆಯುತ್ತಾಳೆ, ಒಳ್ಳೆಯ ಅಂಕವನ್ನೂ ಪಡೆಯುತ್ತಾಳೆ, ಕೊನೆಗೆ ನರ್ಸ್ ಆಗಿಯೇ ಉಳಿಯುವ ನಿರ್ಧಾರ ಮಾಡುತ್ತಾಳೆ. ಅದೇ ಧಾರಾವಾಹಿಯಲ್ಲಿ ಮುಂದೆ ಬರುವ ಆ್ಯಬಿ ಲಾಕ್‌ಹಾರ್ಟ್ ಎಂಬ ನರ್ಸ್ ಮಾತ್ರ ಓದಿ ಡಾಕ್ಟರ್ ಆಗುತ್ತಾಳೆ. ಎರಡೂ ನಡೆಯುವಂಥದ್ದೇ, ಆದರೆ ಜಾಣ ನರ್ಸ್ ಎಂದಾದರೂ ಡಾಕ್ಟರ್ ಆಗಲೇಬೇಕು ಎಂಬಂತೆ ನೋಡುವ ನಮ್ಮಂಥವರಿಗೆ ಕ್ಯಾರಲ್ ಒಂದು ಉತ್ತರ. 2025ರಲ್ಲಿ ಬಂದ ‘ದ ಪಿಟ್’ ಪಿಟ್ಸ್‌ಬರ್ಗಿನ ತುರ್ತು ಚಿಕಿತ್ಸಾ ವಿಭಾಗದ ಒಂದೇ ಒಂದು ಪಾಳಿಯನ್ನು ಒಂದು ಸೀಸನ್‌ನಲ್ಲಿ ಗಂಟೆಗೊಂದು ಕಂತಿನಂತೆ ತೋರಿಸುತ್ತದೆ. ಅದರ ಚಾರ್ಜ್ ನರ್ಸ್ ಡೇನಾ, ನಮ್ಮ ಭಾಷೆಯಲ್ಲಿ ಇನ್‌ಚಾರ್ಜ್ ಸಿಸ್ಟರ್, ಯಾವ ಹಾಸಿಗೆಯಲ್ಲಿ ಯಾರಿದ್ದಾರೆ, ಯಾರನ್ನು ಎಲ್ಲಿಗೆ ಸಾಗಿಸಬೇಕು, ಯಾವ ಎಳೆಯ ಡಾಕ್ಟರ್ ಕಂಗಾಲಾಗಿದ್ದಾನೆ ಎಂಬುದನ್ನೆಲ್ಲ ತಲೆಯಲ್ಲಿಟ್ಟುಕೊಂಡು ವಾರ್ಡನ್ನು ನಡೆಸುತ್ತಾಳೆ. ಕಾದು ಕಾದು ಸಿಟ್ಟಿಗೆದ್ದ ಒಬ್ಬ ರೋಗಿ ಅವಳ ಮುಖಕ್ಕೇ ಗುದ್ದುತ್ತಾನೆ. ಆ ಪಾತ್ರ ಮಾಡಿದ ಕ್ಯಾಥರಿನ್ ಲಾನಾಸಾ ಅವರಿಗೆ ಅದೇ ವರ್ಷ ಎಮ್ಮಿ ಪ್ರಶಸ್ತಿ ಬಂತು. ಧಾರಾವಾಹಿಯಲ್ಲಿ ರಕ್ತ, ಗಾಯಗಳೂ ಸಾಕಷ್ಟಿವೆ, ಹದಿನಾರರ ಹುಡುಗಿಗೆ ಸರಿಯೇ ಎಂಬುದನ್ನು ನೀವೇ ಮೊದಲು ನೋಡಿ ತೀರ್ಮಾನಿಸಿ.

ನಮ್ಮ ಭಾಷೆಯ ದೈನಿಕ ಧಾರಾವಾಹಿಗಳ ಬಗ್ಗೆ ಹೆಚ್ಚು ಹೇಳುವುದಕ್ಕೇನೂ ಇಲ್ಲ. ಆಪರೇಷನ್ ಥಿಯೇಟರಿನ ಕೆಂಪು ದೀಪದ ಕೆಳಗೆ ನಿಂತು ‘ನೀವು ಒಳಗೆ ಬರುವ ಹಾಗಿಲ್ಲ’ ಎನ್ನುವುದಕ್ಕೂ, ಮಗು ಬದಲಾಯಿಸುವ ಸಂಚಿಗೂ ನರ್ಸ್ ಬೇಕು; ಅದು ಮುಗಿದರೆ ಅವಳ ಕೆಲಸವೂ ಮುಗಿಯಿತು. ನಿಮ್ಮ ಅತ್ತೆಯವರ ಅಭಿಪ್ರಾಯ ಬಹುಶಃ ಈ ಕಡೆಯಿಂದ ಬಂದದ್ದು.

ನೋಡಿ, ನಾಟಕಕ್ಕೆ ಏನಾದರೂ ಆಗಬೇಕು. ನಿಮ್ಮ ಕೆಲಸವಿರುವುದು ಏನೂ ಆಗದಂತೆ ನೋಡಿಕೊಳ್ಳುವುದರಲ್ಲಿ. ಇದಕ್ಕಿಂತ ದೊಡ್ಡ ಉದಾಹರಣೆಯನ್ನು ನಾನು ಕಾಣೆ: ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಅಲ್ಲಿನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರಿನಲ್ಲಿ ಕೆಲಸದ ಸ್ಥಳದಲ್ಲೇ ನಡೆದ ಕ್ರೂರ ದಾಳಿಯಿಂದ ಪ್ರಜ್ಞೆಯ ಅಂಚಿಗೆ ಸರಿದು, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯ ಹಾಸಿಗೆಯ ಮೇಲಿದ್ದರು. ಅಲ್ಲಿನ ಸಿಸ್ಟರ್‌ಗಳು ಪಾಳಿಯಿಂದ ಪಾಳಿಗೆ, ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಆ ದಾಳಿ ನಡೆದಾಗ ಹುಟ್ಟಿಯೇ ಇರದಿದ್ದವರೂ ಅವರಲ್ಲಿದ್ದರು. 2011ರಲ್ಲಿ ದಯಾಮರಣದ ಅರ್ಜಿಯನ್ನು ವಿಚಾರಿಸಿದ ಸುಪ್ರೀಂ ಕೋರ್ಟ್ ಆ ಆರೈಕೆಯನ್ನು ಮನಸಾರೆ ಹೊಗಳಿತು. ಅಷ್ಟು ವರ್ಷ ಮಲಗಿದ್ದ ದೇಹಕ್ಕೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಒತ್ತಿ ಆಗುವ ಹುಣ್ಣು, ಆಗಿರಲಿಲ್ಲ. ಹಾಗೆ ಆಗದಿರಬೇಕಾದರೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದೆಂದರೆ ಏನು, ಹಿಮ್ಮಡಿ, ಸೊಂಟದ ಮೂಳೆ, ಬೆನ್ನಿನ ಕೆಳಭಾಗ ಎಲ್ಲಿ ಚರ್ಮ ಕೆಂಪಾಗಿದೆಯೆಂದು ಪ್ರತಿ ಸಲವೂ ನೋಡುವುದೆಂದರೆ ಏನು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮಗಳಿಗೆ ನೀವು ಹೇಳಬೇಕಾಗಿದೆ.

ಏಕೆಂದರೆ ಅವಳು ಕೇಳಿದ್ದಾಳೆ. ‘ನೀನು ನಿಜವಾಗಿ ಏನು ಮಾಡ್ತೀಯ?’ ಎಂಬುದನ್ನು ನೀವು ಚುಚ್ಚುಮಾತೆಂದು ತೆಗೆದುಕೊಂಡಿರಿ. ನನಗೆ ಅದು ಅಪ್ಪಟ ಪ್ರಶ್ನೆಯಾಗಿ ಕೇಳಿಸುತ್ತದೆ. ಪರದೆಯ ಮೇಲೆ ಕಾಣುವುದರಲ್ಲಿ ಏನೋ ಒಂದು ತಪ್ಪಿದೆಯೆಂಬ ಅನುಮಾನ ಹುಟ್ಟಿದವಳಷ್ಟೇ ಹಾಗೆ ಕೇಳಬಲ್ಲಳು. ಅದಕ್ಕೆ ಸಿಕ್ಕ ಉತ್ತರ, ‘ಡಾಕ್ಟರ್ ಹೇಳಿದ್ದು ಮಾಡ್ತೀವಿ.’ ಆ ಉತ್ತರವನ್ನು ಇಟ್ಟುಕೊಂಡು ಅರ್ಜಿಯಲ್ಲಿ ಅವಳು ಬೇರೇನು ಬರೆಯಬೇಕಿತ್ತು? ‘ಖಾಸಗಿ ಉದ್ಯೋಗಿ’ ಎನ್ನುವುದರಲ್ಲಿ ನಾಚಿಕೆ ಸ್ವಲ್ಪ ಇದ್ದಿರಬಹುದು, ಹದಿನಾರನೆಯ ವಯಸ್ಸಿನಲ್ಲಿ ಅಮ್ಮ ಮಾಡುವ ಉಪ್ಪಿಟ್ಟಿಗೂ ನಾಚಿಕೆಪಡುವವರಿದ್ದಾರೆ. ಆದರೆ ಅದರಲ್ಲಿ ಅಜ್ಞಾನವೇ ಹೆಚ್ಚೆಂದು ನನ್ನ ಅನಿಸಿಕೆ, ಮತ್ತು ಅಜ್ಞಾನಕ್ಕೆ ಮದ್ದಿದೆ.

ಆದ್ದರಿಂದ ಧಾರಾವಾಹಿಯನ್ನು ತಡೆಯಬೇಡಿ. ತಡೆದರೆ ಹೊದಿಕೆಯೊಳಗೆ ನೋಡುತ್ತಾಳೆ, ನಿಮ್ಮ ಮುಖಕ್ಕೆ ಸೋಲಿನ ಬಣ್ಣ ಬರುತ್ತದೆ. ವಾರದ ರಜೆಯಲ್ಲಿ ಒಂದು ಕಂತನ್ನು ಜೊತೆಗೆ ಕುಳಿತು ನೋಡಿ. ಟೀಕೆ ಬೇಡ, ‘ಈ ಇಂಜೆಕ್ಷನ್ ನಮ್ಮಲ್ಲಿ ನಾವು ಕೊಡುತ್ತೇವೆ’, ‘ಇಷ್ಟು ಪೊಟ್ಯಾಸಿಯಂ ಬರೆದಿದ್ದರೆ ನಾನು ಕೊಡುತ್ತಿರಲಿಲ್ಲ, ಡಾಕ್ಟರಿಗೆ ಫೋನ್ ಮಾಡಿ ಮತ್ತೊಮ್ಮೆ ಕೇಳುತ್ತಿದ್ದೆ’ ಎಂಬಂಥ ಎರಡು ಮೂರು ಮಾತು ಸಾಕು. ಡಾಕ್ಟರ್ ಆಗಲು ಹೊರಟಿರುವ ಹುಡುಗಿಗೆ ಇದು ನೀಟ್ ಕೋಚಿಂಗಿನಲ್ಲಿ ಸಿಗದ ವಿದ್ಯೆ. ಹೌಸ್ ಸರ್ಜನ್ ಆದ ಮೊದಲ ರಾತ್ರಿ ಅವಳ ಕೈ ನಡುಗಿದಾಗ ‘ಸಿಸ್ಟರ್, ಈಗೇನು ಮಾಡೋಣ?’ ಎಂದು ಅವಳು ಕೇಳುವುದು ನಿಮ್ಮಂಥವರನ್ನೇ.

ಇನ್ನು ಕೆಲಸದ ವಿಷಯ. ಬೋಧನೆ ನಿಮ್ಮ ವೃತ್ತಿಯಿಂದ ಓಡಿಹೋಗುವ ದಾರಿಯಲ್ಲ. ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆದವರೂ ವಿದ್ಯಾರ್ಥಿಗಳನ್ನು ಕರೆದುಕೊಂಡು ವಾರ್ಡಿಗೇ ಬರುತ್ತಾರೆ, ಮತ್ತು ಹದಿನಾಲ್ಕು ವರ್ಷ ಐಸಿಯು ಕಂಡವರಿಂದ ಕಲಿಯುವ ಮಕ್ಕಳು ಪುಣ್ಯವಂತರು. ಸೊಂಟ ನೋಯುತ್ತಿದೆ, ನೈಟ್ ಮುಗಿಸಿ ಬಂದ ಹಗಲು ನಿದ್ದೆ ಬರುತ್ತಿಲ್ಲ, ಮಗಳ ಈ ಎರಡು ವರ್ಷ ರಾತ್ರಿ ಮನೆಯಲ್ಲಿರಬೇಕು ಅನ್ನಿಸುತ್ತಿದೆ ಎಂಬ ಕಾರಣಗಳಿದ್ದರೆ ಹೋಗಿ, ಯಾರೂ ನಿಮ್ಮನ್ನು ದೂರಲಾರರು. ಆದರೆ ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಅಲ್ಲಿರುವುದು ‘ಲೆಕ್ಚರರ್ ಅಂತ ಹೇಳಿಕೊಳ್ಳಬಹುದು’ ಎಂಬುದೊಂದೇ, ಅದೂ ಯಜಮಾನರ, ಅತ್ತೆಯವರ ಮಾತು. ಹೇಳಿಕೊಳ್ಳುವುದಕ್ಕೆ ಹೆಸರು ಬೇಕಿದ್ದರೆ ಸರ್ಕಾರಿ ಆಸ್ಪತ್ರೆಗಳು ಈಗ ನಿಮ್ಮ ಹುದ್ದೆಯನ್ನು ‘ಶುಶ್ರೂಷಾಧಿಕಾರಿ’ ಎಂದೇ ಕರೆಯುತ್ತಿವೆ, ಅವರಿಗೆ ಅದನ್ನು ತಿಳಿಸಿ. ಸಂಬಳ ಕಡಿಮೆಯಾಗುವ, ಮನಸ್ಸೂ ಒಪ್ಪದ ಬದಲಾವಣೆಯನ್ನು ಮತ್ತೊಬ್ಬರ ಬಾಯಿಗೆ ಒಳ್ಳೆಯ ಪದ ಸಿಗಲೆಂದು ಮಾಡಿಕೊಳ್ಳಬೇಡಿ. ಕಾಲೇಜಿನವರಲ್ಲಿ ಒಂದು ತಿಂಗಳ ಸಮಯ ಕೇಳಿ. ಅನುಭವಸ್ಥರು ಬೇಕಾದವರು ಕಾಯುತ್ತಾರೆ.

ಆ ತಿಂಗಳಲ್ಲಿ ಒಂದು ಕೆಲಸ ಮಾಡಿ. ಪಾಳಿ ಬದಲಾಗುವಾಗ ನೀವು ಮುಂದಿನ ಸಿಸ್ಟರಿಗೆ ರೋಗಿಗಳ ಸ್ಥಿತಿಗತಿ ಹೇಳಿ ಓವರ್ ಕೊಡುತ್ತೀರಲ್ಲ, ಹಾಗೆಯೇ ನೈಟ್ ಮುಗಿಸಿ ಬಂದ ಬೆಳಿಗ್ಗೆ ಮಗಳಿಗೂ ಎರಡು ನಿಮಿಷದ ಓವರ್ ಕೊಡಿ. ರೋಗಿಯ ಹೆಸರು, ಊರು, ಗುರುತು ಏನೂ ಬೇಡ. ರಾತ್ರಿ ನೀವು ಏನನ್ನು ಕಂಡಿರಿ, ಏನು ಅನುಮಾನ ಬಂತು, ಯಾರಿಗೆ ಹೇಳಿದಿರಿ, ಆಮೇಲೆ ಏನಾಯಿತು ಅಥವಾ ಏನಾಗದೆ ಉಳಿಯಿತು ಎಂಬಷ್ಟೇ ಸಾಕು. ವಾಕ್ಯಗಳೆಲ್ಲ ‘ನಾನು’ ಎಂದು ಶುರುವಾಗಲಿ, ನಿಮಗೆ ಕಷ್ಟವಾಗುವುದು ಅದೇ. ಮೊದಲ ಮೂರು ದಿನ ಅವಳು ಮೊಬೈಲಿನಿಂದ ತಲೆ ಎತ್ತದಿದ್ದರೂ ನಿಲ್ಲಿಸಬೇಡಿ. ಆ ಮೂರು ಗಂಟೆಯ ರಾತ್ರಿಯಿಂದಲೇ ಆರಂಭಿಸಿ. ಮತ್ತು ಅದು ಹೇಗೆ ನಡೆಯಿತೆಂದು ನನಗೂ ಒಮ್ಮೆ ಸರಿಯಾಗಿ ಬರೆದು ಕಳುಹಿಸಿ.