ಹಂಬನ್‌ತೋಟ: ಸಾಲಕ್ಕೆ ಹೋಯಿತೇ ಬಂದರು?

ಪ್ರಶ್ನೆ: ಸಾಲ ತೀರಿಸಲಾಗದೆ ಶ್ರೀಲಂಕಾ ಹಂಬನ್‌ತೋಟ ಬಂದರನ್ನು ಚೀನಾಕ್ಕೆ ಒಪ್ಪಿಸಿತಂತೆ, ನಿಜವೇ? ಭಾರತ ಸುಮ್ಮನಿದ್ದದ್ದೇಕೆ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅರ್ಧ ನಿಜ. ಬಂದರು ನಿರ್ಮಾಣದ ಮೊದಲ ಹಂತಕ್ಕೆ ಚೀನಾದ ಸರ್ಕಾರಿ ಎಕ್ಸಿಮ್ (ರಫ್ತು–ಆಮದು) ಬ್ಯಾಂಕ್ 2007ರಲ್ಲಿ ಸುಮಾರು 30.7 ಕೋಟಿ ಡಾಲರ್ ಸಾಲ ಕೊಟ್ಟಿತು. ಬಡ್ಡಿ ಶೇ 6.3. 2010ರಲ್ಲಿ ಬಂದರು ತೆರೆದರೂ ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ. ಕಂಟೇನರ್ ವ್ಯವಹಾರವೆಲ್ಲ ಕೊಲಂಬೊದಲ್ಲೇ ಬೇರೂರಿತ್ತು. ಗಿರಾಕಿ ಬರುವ ಮೊದಲೇ ಕಂತು ಶುರುವಾಯಿತು, ಎಡವಿದ್ದು ಅಲ್ಲೇ.

2017ರಲ್ಲಿ ಚೀನಾ ಮರ್ಚೆಂಟ್ಸ್ ಪೋರ್ಟ್ ಕಂಪನಿ 112 ಕೋಟಿ ಡಾಲರ್ ಕೊಟ್ಟು ಬಂದರನ್ನು 99 ವರ್ಷಕ್ಕೆ ಗುತ್ತಿಗೆ ಪಡೆಯಿತು. ಇದರಿಂದ ಹಳೆಯ ಸಾಲವೇನೂ ವಜಾ ಆಗಲಿಲ್ಲ. ಹಣ ವಿದೇಶಿ ವಿನಿಮಯ ಸಂಗ್ರಹಕ್ಕೆ ಹೋಯಿತು, ಎಕ್ಸಿಮ್ ಸಾಲದ ಹೊಣೆ ಶ್ರೀಲಂಕಾ ಸರ್ಕಾರದ ಮೇಲೆಯೇ ಉಳಿಯಿತು. ಆ ದೇಶದ ಕುತ್ತಿಗೆಗೆ ಬಿಗಿದ ಕುಣಿಕೆಯಲ್ಲಿ ಅಂತರರಾಷ್ಟ್ರೀಯ ಬಾಂಡ್‌ಗಳ, ಅಂದರೆ ವಿದೇಶಿ ಹೂಡಿಕೆದಾರರಿಂದ ಸಾಲಪತ್ರ ಮಾರಿ ಎತ್ತಿದ ಸಾಲದ, ಪಾಲು ದೊಡ್ಡದು. ಇದನ್ನು ಮರೆತು ಚೀನಾವೊಂದನ್ನೇ ದೂರುವುದು ಸರಿಯಲ್ಲ.

ಹಾಗೆಂದು ಭಾರತದ ಆತಂಕ ಸುಳ್ಳಲ್ಲ. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಚೀನಾದ 'ಯುವಾನ್ ವಾಂಗ್ 5' ಹಡಗು, ಭಾರತ ಆಕ್ಷೇಪಿಸಿದರೂ, ಇದೇ ಬಂದರಿಗೆ ಬಂತು.

ಭಾರತ ಸುಮ್ಮನಿರಲೂ ಇಲ್ಲ. ಅದೇ ವರ್ಷ ಇಂಧನ, ಔಷಧ, ಆಹಾರಕ್ಕೆಂದು ಸುಮಾರು 400 ಕೋಟಿ ಡಾಲರ್ ನೆರವು ನೀಡಿತು. ನಿಜವಾದ ಪೈಪೋಟಿ ಮಾತ್ರ ಕೊಲಂಬೊದಲ್ಲಿದೆ. ಅಲ್ಲಿ ಹಡಗಿನಿಂದ ಹಡಗಿಗೆ ಬದಲಾಗುವ ಕಂಟೇನರ್‌ಗಳಲ್ಲಿ ಬಹುಪಾಲು ಭಾರತದ್ದೇ. ದಕ್ಷಿಣ ಟರ್ಮಿನಲ್‌ನಲ್ಲಿ ಅದೇ ಚೀನೀ ಕಂಪನಿಗೆ ಶೇ 85 ಪಾಲು; 2025ರಲ್ಲಿ ಕೆಲಸ ಆರಂಭಿಸಿದ ಪಶ್ಚಿಮ ಟರ್ಮಿನಲ್‌ನಲ್ಲಿ ಅದಾನಿ ಸಂಸ್ಥೆಗೆ ಶೇ 51.